ತೆರೆಗೆ ಒಗ್ಗುವ ಮುಖ

ಪತ್ರಿಕೋದ್ಯಮ ಓದಿದವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಇಂಥದ್ದೊಂದು ಮೆಸೇಜು ಬಂದು ಬೀಳುತ್ತದೆ: 'ಆ್ಯಂಕರ್‌ಗಳು ಬೇಕಾಗಿದ್ದಾರೆ. ಸ್ಪಷ್ಟ ಉಚ್ಚಾರಣೆ ಇರಬೇಕು. ಟೆಲಿಜೆನಿಕ್ ಫೇಸ್ ಕಡ್ಡಾಯ.' ಉಚ್ಚಾರಣೆಯದ್ದೇನೂ ಚಿಂತೆಯಿಲ್ಲ. ದಿನಾ ಪೇಪರನ್ನು ಗಟ್ಟಿಯಾಗಿ ಓದಿ ಅಕಾರ, ಹಕಾರ ತಿದ್ದಿಕೊಳ್ಳಬಹುದು. ಆದರೆ ಈ ಟೆಲಿಜೆನಿಕ್ ಫೇಸ್ ಅಂದರೇನು? ಅದನ್ನು ಎಲ್ಲಿಂದ ತರುವುದು?

ಹೋದ ವರ್ಷ ನಾನೂ ಒಂದು ಚಾನೆಲ್ಲಿನ ಸ್ಕ್ರೀನ್ ಟೆಸ್ಟ್‌ಗೆ ಹೋಗಿದ್ದೆ. ಕೊಟ್ಟ ಸುದ್ದಿಯನ್ನು ಎಲ್ಲೂ ತಡವರಿಸದೆ ಓದಿದೆ. 'ವಾಯ್ಸ್ ಚೆನ್ನಾಗಿದೆಮ್ಮ, ಆದ್ರೆ ನೀನು ಟೆಲಿಜೆನಿಕ್ ಅಲ್ಲ' ಅಂದರು. ಹಾಗಂದ್ರೆ ಏನು ಸರ್ ಎಂದು ಕೇಳಿದ್ದಕ್ಕೆ ಪಕ್ಕದಲ್ಲಿದ್ದವರು, 'ಸ್ವಲ್ಪ ಡಾರ್ಕ್ ಅಲ್ವಾ...' ಎಂದು ಮಾತು ನುಂಗಿದರು. 'ಕಪ್ಪು' ಅಂದಿದ್ದರೆ ತಿರುಗಿ ಕೇಳುತ್ತಿದ್ದೆನೇನೋ. ಇಂಗ್ಲಿಷ್ ಪದ ಬಂತೆಂದರೆ ಅದೇನೋ ತಾಂತ್ರಿಕ ವಿಷಯ ಇರಬೇಕು ಅನಿಸಿ ಬಾಯಿ ಕಟ್ಟುತ್ತದೆ. ಹಾಗಾಗಿ ಆ ಪದದ ಬೆನ್ನು ಹತ್ತಿದೆ.

ಡಿಕ್ಷನರಿ ಹೇಳುವ ಅರ್ಥ ಸರಳ: ಟೆಲಿವಿಷನ್ ತೆರೆಯ ಮೇಲೆ ಚೆನ್ನಾಗಿ ಕಾಣುವ. ಎದುರಿಗೆ ಚೆನ್ನಾಗಿ ಕಾಣುವವರು ಎಂದಲ್ಲ, ತೆರೆಯ ಮೇಲೆ ಎಂದು. ಬಿಳಿ ಬಣ್ಣದ ಮಾತು ಅಲ್ಲಿ ಎಲ್ಲೂ ಇಲ್ಲ. 1930ರ ದಶಕದಲ್ಲಿ, ಟಿ.ವಿ. ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಫೋಟೊಜೆನಿಕ್ ಎಂಬ ಪದದ ಅಚ್ಚಿನಲ್ಲಿ ಇದನ್ನು ಎರಕ ಹೊಯ್ದರು. ಫೋಟೊಜೆನಿಕ್‌ನ ಕತೆ ಇನ್ನೂ ಸ್ವಾರಸ್ಯಕರ. 1839ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫಾಕ್ಸ್ ಟಾಲ್ಬಟ್, ಬಿಸಿಲಿಗೆ ಹಿಡಿದ ಕಾಗದದ ಮೇಲೆ ಎಲೆ, ಲೇಸುಗಳ ಚಿತ್ರ ಮೂಡಿಸಿ ಅದನ್ನು 'ಫೋಟೊಜೆನಿಕ್ ಡ್ರಾಯಿಂಗ್' ಎಂದು ಕರೆದ. ಅಂದರೆ ಬೆಳಕಿನಿಂದ ಹುಟ್ಟಿದ ಚಿತ್ರ. 'ಜೆನಿಕ್' ಗ್ರೀಕ್ ಮೂಲದ್ದು, ಹುಟ್ಟಿಗೆ ಸಂಬಂಧಿಸಿದ್ದು. ಜೀವಶಾಸ್ತ್ರ ಓದಿದವರಿಗೆ ಗೊತ್ತಿರುವ 'ಪ್ಯಾಥೊಜೆನಿಕ್', ಅಂದರೆ ರೋಗ ಹುಟ್ಟಿಸುವ ಎಂಬುದೂ ಇದರ ದಾಯಾದಿಯೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಒಂದು ತುಂಡನ್ನು ನೆನಪಿಟ್ಟುಕೊಂಡರೆ ಹತ್ತು ಪದಗಳ ಅರ್ಥ ಊಹಿಸಬಹುದು.

ಟಿ.ವಿ.ಯ ಆರಂಭದ ದಿನಗಳಲ್ಲಂತೂ ಯಾರ ಮುಖವೂ ಹುಟ್ಟಿನಿಂದ ಟೆಲಿಜೆನಿಕ್ ಆಗಿರಲಿಲ್ಲ. ಆಗಿನ ಮಸುಕು ಚಿತ್ರದಲ್ಲಿ ಕಣ್ಣು, ಬಾಯಿ ಕಾಣಲೆಂದು ಕಲಾವಿದರು ಮುಖಕ್ಕೆ ದಪ್ಪಗೆ ಬಣ್ಣ ಮೆತ್ತಿ, ತುಟಿಗೆ ಕಪ್ಪನ್ನೋ ಕಡುನೀಲಿಯನ್ನೋ ಬಳಿದುಕೊಳ್ಳುತ್ತಿದ್ದರು. ನಮ್ಮ ಯಕ್ಷಗಾನದ ವೇಷಧಾರಿಗಳ ಹಾಗೆ.

ಈ ಪದದ ಮಾತು ಬಂದಾಗಲೆಲ್ಲ ಅಮೆರಿಕದ ಒಂದು ಉದಾಹರಣೆ ಕೊಡುತ್ತಾರೆ. 1960ರ ಸೆಪ್ಟೆಂಬರ್ 26ರಂದು ಷಿಕಾಗೊದ ಸ್ಟುಡಿಯೊದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳಾದ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಚರ್ಚೆಗೆ ನಿಂತರು. ಸುಮಾರು 7 ಕೋಟಿ ಜನ ಟಿ.ವಿ.ಯಲ್ಲಿ ನೋಡಿದರು. ಮಂಡಿಯ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಸೊರಗಿದ್ದರು. ಮೇಕಪ್ ಕಲಾವಿದರನ್ನು ಬೇಡವೆಂದರು. ತೊಟ್ಟ ಬೂದು ಸೂಟು ಹಿಂದಿನ ಗೋಡೆಯಲ್ಲೇ ಕರಗಿಹೋಯಿತು. ಕೆನಡಿ ಬಿಸಿಲಿಗೆ ಕಂದಿದ ಮೈಬಣ್ಣದಲ್ಲಿ, ಗಾಢ ಬಣ್ಣದ ಸೂಟಿನಲ್ಲಿ ಎದ್ದು ಕಂಡರು. ಬಿಳಿ ಬಣ್ಣವೇ ಟೆಲಿಜೆನಿಕ್ ಆಗಿದ್ದರೆ ನಿಕ್ಸನ್ ಅಂದು ಅಷ್ಟು ಪೇಲವವಾಗಿ ಕಾಣಬಾರದಿತ್ತು! ಮುಂದಿನ ಚರ್ಚೆಗಳಿಗೆ ಅದೇ ನಿಕ್ಸನ್ ಮೇಕಪ್ ಹಾಕಿಸಿಕೊಂಡು ಬಂದಾಗ ಚೆನ್ನಾಗಿಯೇ ಕಂಡರು. ಮುಖ ಅದೇ, ತಯಾರಿ ಬೇರೆ.

ಹಾಗಾದರೆ ಕಪ್ಪು ಮುಖ ತೆರೆಗೆ ಹೊಂದುವುದಿಲ್ಲ ಎಂಬ ಮಾತು ಬಂದದ್ದೆಲ್ಲಿಂದ? ಅದಕ್ಕೂ ಒಂದು ಇತಿಹಾಸವಿದೆ. ಫಿಲ್ಮ್ ರೋಲಿನ ಕಾಲದಲ್ಲಿ ಫೋಟೊ ಲ್ಯಾಬ್‌ಗಳಲ್ಲಿ ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಾಕ್ ಕಂಪನಿ ಕೊಡುತ್ತಿದ್ದ ಮಾದರಿ ಚಿತ್ರಕ್ಕೆ 'ಷರ್ಲಿ ಕಾರ್ಡ್' ಎನ್ನುತ್ತಿದ್ದರು. ಅದರಲ್ಲಿದ್ದವಳು ಬಿಳಿ ಹೆಣ್ಣುಮಗಳು. ಅವಳ ಮೈಬಣ್ಣ ಸರಿ ಬಂದರೆ ಎಲ್ಲವೂ ಸರಿ ಎಂದು ಲೆಕ್ಕ. ಕಪ್ಪು ಜನರ ಫೋಟೊದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣದಿದ್ದರೂ ದೋಷ ಫಿಲ್ಮಿನದು ಎಂದು ಹೆಚ್ಚಿನವರಿಗೆ ಹೊಳೆಯಲಿಲ್ಲ. ಕಡುಕಂದು ಬಣ್ಣಗಳನ್ನು ಹಿಡಿಯುವಂತೆ ಫಿಲ್ಮ್ ಸುಧಾರಿಸಲು ಒತ್ತಡ ಬಂದದ್ದು ಯಾರಿಂದ ಗೊತ್ತೇ? ಜಾಹೀರಾತಿನಲ್ಲಿ ತಮ್ಮ ಸರಕು ಸರಿಯಾಗಿ ಕಾಣುತ್ತಿಲ್ಲ ಎಂದು ದೂರಿದ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಕಂಪನಿಗಳಿಂದ! ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಇದನ್ನು ಓದಿದ ದಿನ ನನ್ನ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು.

ಓದಿದ್ದನ್ನು ಪರೀಕ್ಷಿಸಲು ನಾನು ಓದಿದ ಕಾಲೇಜಿನ ಪುಟ್ಟ ಸ್ಟುಡಿಯೊಗೇ ಹೋದೆ. ಅಲ್ಲಿ ಕ್ಯಾಮೆರಾ ನೋಡಿಕೊಳ್ಳುವ ಅಣ್ಣ ನನ್ನನ್ನು ಕೂರಿಸಿ ಒಂದೇ ಸುದ್ದಿಯನ್ನು ಮೂರು ಸಲ ಓದಿಸಿದರು. ಮೊದಲ ಸಲ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಮಾತ್ರ, ಹಿಂದೆ ಬಿಳಿ ಗೋಡೆ. ಕಣ್ಣಿನ ಕೆಳಗೆ ಗುಳಿ ಬಿದ್ದು ರೋಗಿಷ್ಟಳಂತೆ ಕಂಡೆ. ಎರಡನೇ ಸಲ ಮುಂದಿನಿಂದ, ಒಂಚೂರು ಓರೆಯಾಗಿ ಮೆತ್ತನೆಯ ಬೆಳಕು. ಮೂರನೇ ಸಲ ಹಿಂದೆ ಗಾಢ ನೀಲಿ ಪರದೆ ಎಳೆದು, ಭುಜದ ಮೇಲೆ ತೆಳುವಾಗಿ ಇನ್ನೊಂದು ಬೆಳಕು ಬಿಟ್ಟು, ಎಕ್ಸ್‌ಪೋಷರನ್ನು ನನ್ನ ಮುಖಕ್ಕೆ ಹೊಂದಿಸಿದರು. ತೆರೆಯ ಮೇಲೆ ಕುಳಿತಿದ್ದವಳು ನಾನೇ, ಅದೇ ಬಣ್ಣದವಳೇ. ಆದರೆ ಕಣ್ಣಲ್ಲಿ ಹೊಳಪಿತ್ತು. ಅಣ್ಣ ನಕ್ಕು, 'ಬಿಳಿ ಗೋಡೆ ಮುಂದೆ ಕೂರಿಸಿದ್ರೆ ಕ್ಯಾಮೆರಾ ಗೋಡೆಗೆ ಲೆಕ್ಕ ಹಾಕುತ್ತೆ ಕಣಮ್ಮ, ನಿನಗಲ್ಲ' ಅಂದರು.

ಇದು ಆ್ಯಂಕರ್ ಆಗುವವರಿಗೆ ಮಾತ್ರದ ಪಾಠವಲ್ಲ. ಈಗ ಎಷ್ಟೋ ಕಂಪನಿಗಳ ಮೊದಲ ಸುತ್ತಿನ ಸಂದರ್ಶನ ನಡೆಯುವುದೇ ಲ್ಯಾಪ್‌ಟಾಪ್, ಮೊಬೈಲ್ ತೆರೆಯಲ್ಲಿ. ಕಿಟಕಿಗೆ ಬೆನ್ನು ಹಾಕದೆ ಮುಖ ಮಾಡಿ ಕೂರಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ನಾಲ್ಕು ಪುಸ್ತಕ ಇಡಿ. ಮೊಬೈಲನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ದಪ್ಪ ಕಾಣುತ್ತದೆ, ತುಸು ದೂರವಿಡಿ. ಒತ್ತೊತ್ತಾದ ಗೆರೆಯ ಅಂಗಿ ತೆರೆಯಲ್ಲಿ ಅಲೆಯಾಡುತ್ತದೆ, ಒಂದೇ ಬಣ್ಣದ್ದು ಮೇಲು. ಉತ್ತರಿಸುವಾಗ ತೆರೆಯಲ್ಲಿರುವ ನಿಮ್ಮ ಮುಖವನ್ನಲ್ಲ, ಕ್ಯಾಮೆರಾದ ಸಣ್ಣ ಕಣ್ಣನ್ನು ನೋಡಿ. ಇದರಲ್ಲಿ ಫೇರ್‌ನೆಸ್ ಕ್ರೀಮಿನ ಖರ್ಚು ಎಲ್ಲೂ ಇಲ್ಲ.

ಟೆಲಿಜೆನಿಕ್ ಅನ್ನುವುದನ್ನು ಮನುಷ್ಯರಿಗಷ್ಟೇ ಬಳಸಬೇಕೆಂದೂ ಇಲ್ಲ. 'ಕಬಡ್ಡಿ ಟೆಲಿಜೆನಿಕ್ ಆಟ' ಎಂದರೂ ಸರಿಯೇ. ಜಾತ್ರೆಯ ಮಣ್ಣಿನಲ್ಲಿ ತೊಡೆ ತಟ್ಟುತ್ತಿದ್ದ ಆಟ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮನೆಮನೆಯ ಟಿ.ವಿ.ಗೆ ಬಂತು. ಮ್ಯಾಟ್ ಹಾಸಿದರು, ಬೆಳಕು ಬಿಟ್ಟರು, ಸುತ್ತಲೂ ಕ್ಯಾಮೆರಾ ಇಟ್ಟರು. ಹಿಂದೆ ಕಬಡ್ಡಿಯಲ್ಲಿ ಏನೋ ಕೊರತೆಯಿತ್ತು ಎಂದು ಇದರ ಅರ್ಥವೇ?

ಕನ್ನಡದಲ್ಲಿ ಈ ಪದಕ್ಕೆ 'ಸುಂದರ ಮುಖದ' ಎಂದು ಬರೆದರೆ ತಪ್ಪಾಗುತ್ತದೆ. 'ತೆರೆಗೆ ಒಗ್ಗುವ' ಎನ್ನುವುದು ನನಗೆ ಸರಿಯೆನಿಸುತ್ತದೆ. ಹಾಸ್ಟೆಲ್ ಸೇರಿದ ಹೊಸದರಲ್ಲಿ ನಾನು ಕಾಯಿಲೆ ಬಿದ್ದಾಗ ಅಜ್ಜಿ, 'ಆ ಊರಿನ ನೀರು ಒಗ್ಗಲಿಲ್ವೇನೋ ಮಗಾ' ಅಂದಿದ್ದಳು. ನೀರು ಒಗ್ಗದಿದ್ದರೆ ಕುಡಿದವರನ್ನು ಯಾರೂ ಬೈಯುವುದಿಲ್ಲ. ಕಾಯಿಸಿ ಕುಡಿ ಅನ್ನುತ್ತಾರೆ, ಸ್ವಲ್ಪ ದಿನ ಕಾಯುತ್ತಾರೆ. ತೆರೆಗೂ ಅಷ್ಟು ಸಮಯ, ಅಷ್ಟು ಬೆಳಕು ಕೊಡಬೇಕು.

ನಾಳೆ ನಿಮಗೂ ಯಾರಾದರೂ 'ನೀವು ಟೆಲಿಜೆನಿಕ್ ಅಲ್ಲ' ಎಂದರೆ ತಲೆ ತಗ್ಗಿಸಿ ಬರಬೇಡಿ. 'ಯಾವ ಬೆಳಕಿನಲ್ಲಿ ನೋಡಿದಿರಿ ಸರ್?' ಎಂದು ವಿನಯದಿಂದಲೇ ಕೇಳಿ. ಉತ್ತರದಲ್ಲಿ ಬೆಳಕು, ಲೆನ್ಸು, ಕಣ್ಣೋಟದ ಮಾತು ಬಂದರೆ ಕಲಿಯುವುದಿದೆ ಎಂದರ್ಥ, ಕಲಿಯೋಣ. ಬಣ್ಣದ ಮಾತು ಬಂದರೆ, ಡಿಕ್ಷನರಿ ತೆರೆದು ನೋಡಬೇಕಾದವರು ಅವರು.