ಗೇಟಿನ ಹೊರಗೆ ನಿಂತ ಗಂಡಂದಿರು

ತಿಂಗಳ 9ನೇ ತಾರೀಕು, ಗರ್ಭಿಣಿಯರ ತಪಾಸಣೆಯ ದಿನ. ಪುತ್ತೂರಿನ ಸರಕಾರಿ ಆಸ್ಪತ್ರೆಯ ಬೆಂಚುಗಳಲ್ಲಿ ಜಾಗವಿಲ್ಲ. ಪಾಣಾಜೆ, ಉಪ್ಪಿನಂಗಡಿ ಕಡೆಯ ಬಸ್ಸಿಳಿದು ಬಂದವರ ಕೈಯಲ್ಲಿ ತಾಯಿ ಕಾರ್ಡು, ಪಕ್ಕದಲ್ಲಿ ಅತ್ತೆಯೋ ಅಮ್ಮನೋ. ಗಂಡಂದಿರು ಮಾತ್ರ ಗೇಟಿನ ಹೊರಗೆ, ಬೈಕಿಗೆ ಒರಗಿಕೊಂಡು ಮೊಬೈಲು ನೋಡುತ್ತಿದ್ದಾರೆ.

ಒಳಗೆ ರಕ್ತಪರೀಕ್ಷೆ. ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತಾರೆ. ಸಿಫಿಲಿಸ್ ಇದ್ದು ಗೊತ್ತಾಗದೆ ಹೋದರೆ ಮಗು ಹೊಟ್ಟೆಯಲ್ಲೇ ತೀರಿಹೋಗಬಹುದು. ಸಮಯಕ್ಕೆ ಸರಿಯಾಗಿ ಕೊಟ್ಟ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಅದನ್ನು ಉಳಿಸುತ್ತದೆ. ಚುಚ್ಚಿಸಿಕೊಂಡಾಗ ಆಗುವ ನೋವು ಸಣ್ಣದಲ್ಲ. ಅದನ್ನು ಸಹಿಸಿ ಮನೆಗೆ ಹೋದವಳಿಗೆ, ಮದ್ದು ತೆಗೆದುಕೊಳ್ಳದ ಗಂಡನಿಂದ ರೋಗ ಮತ್ತೆ ಬರಬಹುದು.

“ಅವರನ್ನೂ ಕರ್ಕೊಂಡು ಬನ್ನಿ ಅಕ್ಕಾ,” ಎನ್ನುತ್ತಾರೆ ನರ್ಸ್.

“ಅವರತ್ರ ಹೇಳುದು ಹೇಗೆ ಮೇಡಂ?”

ಈ ಪ್ರಶ್ನೆಯನ್ನು ಅವಳೊಬ್ಬಳ ತಲೆಗೇ ಕಟ್ಟುವುದು ಅನ್ಯಾಯ.

ಸುಳ್ಯದ ರಬ್ಬರ್ ತೋಟಗಳಲ್ಲಿ ಕಷ್ಟ ಬೇರೆ ಬಗೆಯದು. ಬೆಳಕು ಹರಿಯುವ ಮುಂಚೆ ಟ್ಯಾಪಿಂಗ್, ಆಮೇಲೆ ಹಾಲು ಸಂಗ್ರಹ; ಆಸ್ಪತ್ರೆಯ ಚೀಟಿ ಮಾಡಿಸುವ ಹೊತ್ತಿಗೆ ಕೂಲಿ ಕೆಲಸ ಇನ್ನೂ ಮುಗಿದಿರುವುದಿಲ್ಲ. ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳೂ ಅಲ್ಲಿವೆ. ಆರೋಗ್ಯದ ಮಾತು ಅವರ ಭಾಷೆಯಲ್ಲಿ, ಹಾಲು ಅಳೆಯುವ ಜಾಗಕ್ಕೇ ಹೋಗಬೇಕು.

ಕಡಬದ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ತೋಡು ದಾಟಬೇಕು. ಆಶಾ ಕಾರ್ಯಕರ್ತೆ ಅಂಗಳಕ್ಕೆ ಬರುವಾಗ ಅತ್ತೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿರುತ್ತಾರೆ. ಮೊದಲು ಬಿ.ಪಿ., ಕಬ್ಬಿಣದ ಮಾತ್ರೆಯ ವಿಚಾರ. “ಬಿಳಿ ಹೋಗುದು” ಎಂಬ ಮಾತು ಬಚ್ಚಲುಮನೆಯ ಹಿಂದೆ, ಮೆಲ್ಲಗೆ. ಸೊಸೆ ಒಪ್ಪಿ ಅತ್ತೆಗೂ ವಿಷಯ ತಿಳಿದರೆ ಅರ್ಧ ಕೆಲಸ ಆದಂತೆ. “ನಾಳೆ ನೀನೂ ಹೋಗು” ಎಂದು ಅಮ್ಮ ಹೇಳಿದರೆ ಮಗ ಎದುರಾಡುವುದು ಕಡಿಮೆ.

ಆದರೆ ಸೊಸೆ ಒಪ್ಪದೆ ಯಾರಿಗೂ ಹೇಳಕೂಡದು. ಎಚ್‌ಐವಿ ಇರುವವರ ಗುಟ್ಟನ್ನು ಕಾಯಲು 2017ರ ಕಾನೂನೇ ಇದೆ. ಉಳಿದ ಸೋಂಕುಗಳಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಗಂಡಸರ ಮಾತು ಗಂಡಸರ ನಡುವೆಯೇ ಆಗಲಿ. ವಾರಕ್ಕೊಮ್ಮೆ ಒಬ್ಬರ ತೋಟದಲ್ಲಿ ಇನ್ನೊಬ್ಬರು ದುಡಿಯುವ ಪ್ರಗತಿಬಂಧು ತಂಡಗಳು ಇಲ್ಲಿ ಊರೂರಲ್ಲಿವೆ. ಗಂಜಿ ಊಟಕ್ಕೆ ಕೂತಾಗ ಅಡಿಕೆಯ ಧಾರಣೆ ಮಾತಾಡಿದ ಮೇಲೆ ಇದನ್ನೂ ಎತ್ತಬಹುದು: ಬಸ್‌ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ ಪೋಸ್ಟರಿನ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆಯಬೇಡಿ, ಸರಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಮದ್ದು ಉಚಿತ. ಮೂತ್ರನಾಳ, ಗರ್ಭಕಂಠದ ಸ್ರಾವಕ್ಕೆ ಕೊಡುವ ಬೂದು ಬಣ್ಣದ ಪೊಟ್ಟಣದಲ್ಲಿ ಅಜಿತ್ರೊಮೈಸಿನ್, ಸೆಫಿಕ್ಸಿಮ್ ಇರುತ್ತವೆ. ಗಂಡಿಗೂ ಹೆಣ್ಣಿಗೂ ಅದೇ ಪೊಟ್ಟಣ; ಇಬ್ಬರೂ ನುಂಗಬೇಕು.