ಪಟ್ಟಿಗೆ ಬಾರದ ನೋವು

‘ಹೊಟ್ಟೆನೋವು ತಾಳಲಾರದೆ’ ಎಂಬ ಸಾಲು ದಾವಣಗೆರೆ, ಹರಿಹರದ ಪತ್ರಿಕೆ ಓದುಗರಿಗೆ ಹೊಸದಲ್ಲ. ಹದಿನಾರು, ಹದಿನೇಳರ ಮಕ್ಕಳು ಜೀವ ಕಳೆದುಕೊಂಡಾಗ ಮನೆಯವರು ಠಾಣೆಯಲ್ಲಿ ಹೀಗೆ ಬರೆಸುವುದುಂಟು. ಮನೆಯ ಮಾನ ಉಳಿಯುತ್ತದೆ, ತಂಗಿಯ ಮದುವೆಗೆ ಅಡ್ಡಿಯಾಗುವುದಿಲ್ಲ, ವಿಚಾರಣೆಯೂ ಬೇಗ ಮುಗಿಯುತ್ತದೆ ಎಂಬ ಲೆಕ್ಕಾಚಾರ. ಹದಿಹರೆಯದಲ್ಲಿ ಆತ್ಮಹತ್ಯೆ ಎಷ್ಟು, ಏಕೆ ಎಂಬ ಪ್ರಶ್ನೆ ಮೊದಲು ಮುಗ್ಗರಿಸುವುದೇ ಇಲ್ಲಿ.

ನಮ್ಮ ಕೈಗೆ ಸಿಗುವ ಲೆಕ್ಕ ಪೊಲೀಸ್ ಕಡತದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು, ಕರ್ನಾಟಕದಲ್ಲಿ 13,606. ದೇಶದ ಲೆಕ್ಕದಲ್ಲಿ ವಿದ್ಯಾರ್ಥಿಗಳು 13,044. ಎಂದರೆ ದಿನಕ್ಕೆ 35ಕ್ಕೂ ಹೆಚ್ಚು. ಈ ಸಂಖ್ಯೆಯೂ ಪೂರ್ತಿಯಲ್ಲ. 2010ರಲ್ಲಿ ಬ್ಯೂರೊ ಸುಮಾರು 1.35 ಲಕ್ಷ ಎಂದಿತ್ತು. ಅದೇ ವರ್ಷಕ್ಕೆ, ಸತ್ತವರ ಮನೆಮನೆಗೆ ಹೋಗಿ ವಿಚಾರಿಸಿದ ಮಾಹಿತಿಯಿಂದ ಸಂಶೋಧಕರು ಅಂದಾಜಿಸಿದ್ದು ಸುಮಾರು 1.87 ಲಕ್ಷ. ಆ ಅಧ್ಯಯನದಲ್ಲಿ ಆತ್ಮಹತ್ಯೆಗೆ ಬಲಿಯಾದ ಹೆಣ್ಣುಮಕ್ಕಳಲ್ಲಿ 56%, ಗಂಡಸರಲ್ಲಿ 40% ಮಂದಿ 15ರಿಂದ 29ರ ವಯಸ್ಸಿನವರು.

ಮೈಗೆ ತಾವೇ ಗಾಯ ಮಾಡಿಕೊಳ್ಳುವವರ ಸಂಖ್ಯೆಯಂತೂ ಯಾವ ಠಾಣೆಗೂ ತಲುಪುವುದಿಲ್ಲ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು, ಸಾಯುವ ಉದ್ದೇಶವಿಲ್ಲದೆ ಒಮ್ಮೆಯಾದರೂ ಹೀಗೆ ಮಾಡಿಕೊಂಡ ಹದಿಹರೆಯದವರು ಸುಮಾರು 17% ಎಂದಿತು. ಅವುಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳ ಸಮೀಕ್ಷೆಗಳು. ಆ ಅಳತೆಯನ್ನು ನಮ್ಮ ಪಿಯು ತರಗತಿಗೆ ಹಾಗೇ ಹಾಕಲಾಗದು. ಆದರೆ ‘ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ’ ಎನ್ನಲೂ ಆಗದು. ತುಂಬುತೋಳಿನ ಅಂಗಿಯ ಒಳಗೆ ಉಳಿದುಹೋಗುವ ಈ ಗಾಯ ಕಣ್ಣಿಗೆ ಬಿದ್ದಾಗ ಮನೆಯಲ್ಲಿ ಏಳುವ ಮೊದಲ ಮಾತು, ‘ಹೆದರ್ಸಾಕೆ ನಾಟಕ ಮಾಡ್ತಾಳ್ರೀ’. ನಾಟಕವಲ್ಲ. ಹೇಳಲು ಬಾಯಿ ಬಾರದ ಸಂಕಟವನ್ನು ಒಂದು ಗಳಿಗೆ ತಗ್ಗಿಸಿಕೊಳ್ಳುವ ಯತ್ನ. ಹಾಗೆ ಮಾಡಿಕೊಳ್ಳುವವರಲ್ಲಿ ಬಹುಪಾಲು ಮಕ್ಕಳು ಆತ್ಮಹತ್ಯೆಯತ್ತ ಹೋಗುವುದಿಲ್ಲ. ಆದರೂ ಮುಂದಿನ ಅಪಾಯ ಉಳಿದವರಿಗಿಂತ ಅವರಿಗೆ ಹೆಚ್ಚು.

ದಾವಣಗೆರೆ ಓದಿನ ಊರು. ಹಾಸ್ಟೆಲ್, ಟ್ಯೂಷನ್, ಹರಿಹರದಿಂದ ಬೆಳಿಗ್ಗೆ ಬಸ್ಸು ಹತ್ತುವ ಮಕ್ಕಳು. ಹಾಗಾಗಿ ಎಲ್ಲದಕ್ಕೂ ಅಂಕಪಟ್ಟಿಯೇ ಕಾರಣ ಎನ್ನುವುದು ಸುಲಭ. ಈ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಫೇಲಾದ ಮಕ್ಕಳು ಸಾವಿರಾರು. ಅವರಲ್ಲಿ ಬಹುತೇಕರು ಮರುಪರೀಕ್ಷೆ ಬರೆದು ಮುಂದೆ ಸಾಗುತ್ತಾರೆ. ಮನೆಯ ಜಗಳ, ಕುಡಿತ, ಹೊಡೆತ, ಪ್ರೀತಿಯ ವಿಷಯ, ಬೇಡದ ಮದುವೆಯ ಮಾತು, ಗುರುತಿಸದೇ ಹೋದ ಖಿನ್ನತೆ, ಇವುಗಳ ಮೇಲೆ ಫಲಿತಾಂಶ ಬಂದು ಕೂರುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ 7.3% ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು.

ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬಹಳ ಹೆತ್ತವರಿಗಿದೆ. ಅಧ್ಯಯನಗಳು ಈ ಭಯವನ್ನು ಎತ್ತಿಹಿಡಿದಿಲ್ಲ. ‘ಯಾಕಪ್ಪಾ, ಸಾಯ್ಬೇಕು ಅಂತ ಏನಾರ ಅನ್ಸೈತಾ?’ ಎಂದು ಸಮಾಧಾನದಿಂದ ಕೇಳಬಹುದು. ಹೌದು ಎಂದರೆ ಬೈಯದೆ, ಒಂಟಿಯಾಗಿ ಬಿಡದೆ ಜೊತೆಗಿರಬೇಕು. ತೀವ್ರ ಆವೇಗ ಬಹುಬಾರಿ ಸ್ವಲ್ಪ ಹೊತ್ತಿನದು. ಹೊಲಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಬೀಗದೊಳಗೆ ಇಡುವುದು ಅದಕ್ಕೇ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಬಹಳ ಇಳಿಯಿತು.

ಆಸ್ಪತ್ರೆಗೆ ಹೋದರೆ ಮಗುವಿನ ಮೇಲೆ ಕೇಸಾಗುತ್ತದೆಂದು ಈಗಲೂ ಹೆದರುವವರಿದ್ದಾರೆ. ವೈದ್ಯರು ಠಾಣೆಗೆ ತಿಳಿಸಬಹುದು, ನಿಜ. ಆದರೆ 2018ರ ಮೇನಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು. ಯತ್ನವನ್ನು ಅಪರಾಧವೆನ್ನುತ್ತಿದ್ದ ಐಪಿಸಿಯ 309ನೇ ಕಲಮು 2024ರ ಜುಲೈ 1ರಿಂದ ಇಲ್ಲ. ತುರ್ತಿದ್ದರೆ ಹರಿಹರದವರು ತಾಲ್ಲೂಕು ಆಸ್ಪತ್ರೆಗೆ, ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಓಡಬೇಕು. ಮಾತನಾಡಲು ಟೆಲಿ ಮಾನಸ್ 14416 ಇದೆ: 2022ರ ಅಕ್ಟೋಬರ್ 10ರಿಂದ ಹಗಲಿರುಳು, ಪುಕ್ಕಟೆ, ಕನ್ನಡದಲ್ಲೇ. ಮಕ್ಕಳು ತಾವಾಗಿ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ದೊಡ್ಡವರ ಅಪ್ಪಣೆ ಬೇಕಿಲ್ಲ.