ದ್ರಾಕ್ಷಿ ವಿಮಾನ ಏರಲು ತೋಟದ ತಂಪೇ ಮೊದಲ ಮೆಟ್ಟಿಲು

ಚಿಕ್ಕೋಡಿ: ಅಥಣಿ ತಾಲ್ಲೂಕಿನ ತೆಲಸಂಗ ಭಾಗದ ತೋಟದಲ್ಲಿ ಇಂದು ಮುಂಜಾನೆ ಕೊಯ್ದ ದ್ರಾಕ್ಷಿ ಗೊಂಚಲು ನಾಡಿದ್ದು ದುಬೈನ ಅಂಗಡಿಯಲ್ಲಿರಲು ಸಾಧ್ಯವೇ? ಗಡಿಯಾರದ ಲೆಕ್ಕದಲ್ಲಿ ಸಾಧ್ಯ. ಮುಂಬೈನಿಂದ ದುಬೈಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ಹಾದಿ. ಆದರೂ ಅಥಣಿ, ಕಾಗವಾಡ ಭಾಗದ ದ್ರಾಕ್ಷಿಯ ಹೆಚ್ಚಿನ ಪಾಲು ವಿಮಾನ ಏರುವುದಿಲ್ಲ. ಒಣದ್ರಾಕ್ಷಿಯಾಗಿ ತಾಸಗಾಂವ, ಸಾಂಗ್ಲಿ, ವಿಜಯಪುರದ ಪೇಟೆಗಳಿಗೆ ಹೋಗುತ್ತದೆ, ಇಲ್ಲವೇ ದೇಶದೊಳಗಿನ ಹಣ್ಣಿನ ಮಾರುಕಟ್ಟೆಗಳನ್ನು ಸೇರುತ್ತದೆ.

ಇದಕ್ಕೆ ವಿಮಾನಗಳ ಕೊರತೆಯೊಂದೇ ಕಾರಣವಲ್ಲ. ತೋಟದಿಂದ ವಿಮಾನದ ಬಾಗಿಲವರೆಗೆ ತಂಪು ಮುರಿಯದಂತೆ ಒಯ್ಯುವ ವ್ಯವಸ್ಥೆ ಮತ್ತು ದೋಷವಿಲ್ಲದ ದಾಖಲೆ, ಇವೆರಡೂ ಕೂಡಿಬಂದಾಗ ಮಾತ್ರ ವಿಮಾನದ ವೇಗದಿಂದ ಪ್ರಯೋಜನವಿದೆ.

ದೂರದ ನಿಲ್ದಾಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ಹತ್ತಿರದ ವಿಮಾನ ನಿಲ್ದಾಣಗಳೆಂದರೆ ಬೆಳಗಾವಿಯ ಸಾಂಬ್ರಾ ಮತ್ತು ಕೊಲ್ಹಾಪುರ. ಎರಡರಲ್ಲಿಯೂ ದೇಶೀಯ ವಿಮಾನಗಳ ಸಂಚಾರವಷ್ಟೇ ಇದೆ. ಗೋವಾದ ಅಂತಾರಾಷ್ಟ್ರೀಯ ನಿಲ್ದಾಣಗಳು ದೂರದ ಲೆಕ್ಕದಲ್ಲಿ ಸಮೀಪವಾದರೂ ಅಲ್ಲಿಂದ ನೇರ ವಿದೇಶಿ ವಿಮಾನಗಳು ಕಡಿಮೆ. ಹೀಗಾಗಿ ಉಳಿಯುವುದು ಮುಂಬೈ ಅಥವಾ ಬೆಂಗಳೂರು. ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಮುಂಬೈಗೆ 400 ಕಿ.ಮೀ.ಗೂ ಅಧಿಕ, ಬೆಂಗಳೂರಿಗೆ 550 ಕಿ.ಮೀ.ಗೂ ಅಧಿಕ ದೂರವಿದೆ. ಅಂದರೆ ವಿಮಾನದಲ್ಲಿ ಕಳೆಯುವ ಸಮಯಕ್ಕಿಂತ ಲಾರಿಯಲ್ಲಿ ಕಳೆಯುವ ಸಮಯವೇ ಹೆಚ್ಚು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಬೇಗ ಕೆಡುವ ಸರಕಿಗೆಂದೇ ಶೀತಲ ಕೇಂದ್ರವಿದೆ. ಆದರೆ ಅಲ್ಲಿಗೆ ತಲುಪುವ ಮೊದಲೇ ಹಣ್ಣು ಬಾಡಿದರೆ ಆ ಕೇಂದ್ರ ಅದನ್ನು ಮತ್ತೆ ತಾಜಾ ಮಾಡಲಾರದು.

ಕೊಯ್ದ ಮೇಲೂ ಉಸಿರಾಟ

ಕೊಯ್ದ ಹಣ್ಣು, ತರಕಾರಿಗಳು ಉಸಿರಾಡುತ್ತಲೇ ಇರುತ್ತವೆ. ಬಿಸಿ ಹೆಚ್ಚಿದಂತೆ ಉಸಿರಾಟದ ವೇಗ ಹೆಚ್ಚಿ, ನೀರು ಮತ್ತು ಸಕ್ಕರೆ ಕರಗುತ್ತವೆ. ದ್ರಾಕ್ಷಿಯಲ್ಲಿ ಮೊದಲು ಒಣಗುವುದು ತೊಟ್ಟು. ಹಸಿರು ತೊಟ್ಟು ಕಂದು ಬಣ್ಣಕ್ಕೆ ತಿರುಗಿದರೆ ವಿದೇಶಿ ಖರೀದಿದಾರ ಹಣ್ಣಿನ ರುಚಿ ನೋಡುವ ಮೊದಲೇ ದರ ಇಳಿಸುತ್ತಾನೆ. ಆದ್ದರಿಂದ ಕೊಯ್ದ ಕೆಲವೇ ಗಂಟೆಗಳಲ್ಲಿ ಪೂರ್ವಶೀತಲೀಕರಣ ನಡೆಯಬೇಕು. ಬಳಿಕ ದ್ರಾಕ್ಷಿಯನ್ನು ಸುಮಾರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು.

ಎಲ್ಲಕ್ಕೂ ಒಂದೇ ತಂಪು ಸಲ್ಲದು. ಬಾಳೆಯನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಹಸಿಮೆಣಸಿನಕಾಯಿಗೂ ದ್ರಾಕ್ಷಿಯ ತಂಪು ಹೊಂದುವುದಿಲ್ಲ. ಒಂದೇ ಲಾರಿಯಲ್ಲಿ ಎಲ್ಲವನ್ನೂ ತುಂಬಿ ಬಾಡಿಗೆ ಉಳಿಸಲು ಹೋದರೆ ಯಾವುದಾದರೊಂದು ಕೆಡುವುದು ನಿಶ್ಚಿತ.

ಸರಪಳಿಯ ದುರ್ಬಲ ಕೊಂಡಿ ಇರುವುದು ನಿಲ್ದಾಣದ ಬಯಲಿನಲ್ಲಿ. ಶೀತಲ ಕೋಣೆಯಿಂದ ಹೊರಬಂದ ಪೆಟ್ಟಿಗೆಗಳು ವಿಮಾನ ತುಂಬುವವರೆಗೆ ಬಿಸಿಲಿನಲ್ಲಿ ಕಾಯಬೇಕಾಗಬಹುದು. ಶಾಖ ತಡೆಯುವ ಹೊದಿಕೆ ಬಳಸುವುದು ಇದೇ ಕಾರಣಕ್ಕೆ.

ಹೆಪ್ಪುಗಟ್ಟಿಸಿದ ಆಹಾರದ ನಿಯಮವೇ ಬೇರೆ. ಅದು ಮೈನಸ್ 18 ಡಿಗ್ರಿಯಲ್ಲಿರಬೇಕು. ಇದಕ್ಕೆ ಬಳಸುವ ಒಣ ಮಂಜುಗಡ್ಡೆ ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಮುಚ್ಚಿದ ಸ್ಥಳದಲ್ಲಿ ಈ ಅನಿಲ ಉಸಿರುಗಟ್ಟಿಸಬಲ್ಲದು. ಆದ್ದರಿಂದ ವಿಮಾನಯಾನ ನಿಯಮಗಳು ಒಣ ಮಂಜುಗಡ್ಡೆಯನ್ನು ಅಪಾಯಕಾರಿ ಸರಕಿನ ಪಟ್ಟಿಯಲ್ಲಿಟ್ಟಿವೆ. ಪೆಟ್ಟಿಗೆಯಲ್ಲಿ ಗಾಳಿಕಂಡಿ ಇರಬೇಕು, ಮಂಜುಗಡ್ಡೆಯ ತೂಕವನ್ನು ಹೊರಗೆ ಬರೆದಿರಬೇಕು.

ಬಾಡಿಗೆಯ ಲೆಕ್ಕ

ವಿಮಾನ ಸಂಸ್ಥೆಗಳು ತೂಕವನ್ನಷ್ಟೇ ನೋಡುವುದಿಲ್ಲ, ಸರಕು ಆಕ್ರಮಿಸುವ ಜಾಗವನ್ನೂ ಅಳೆಯುತ್ತವೆ. ಸಾಮಾನ್ಯ ನಿಯಮದಂತೆ 6,000 ಘನ ಸೆಂ.ಮೀ. ಜಾಗ ಒಂದು ಕಿಲೋಗೆ ಸಮ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ 5 ಕಿಲೋ ಕರಿಬೇವು ತುಂಬಿದರೂ ತೆರಬೇಕಾದದ್ದು 12 ಕಿಲೋಗೆ ತಕ್ಕ ಬಾಡಿಗೆ. ದ್ರಾಕ್ಷಿಯಂಥ ಭಾರದ ಹಣ್ಣಿಗೆ ಈ ತೊಂದರೆಯಿಲ್ಲ. ಆದರೆ ಅದರ ತೂಕವೇ ಬಾಡಿಗೆಯನ್ನು ಏರಿಸುತ್ತದೆ.

ಸರಿಯಾದ ತಂಪಿನಲ್ಲಿ ದ್ರಾಕ್ಷಿ ವಾರಗಟ್ಟಲೆ ಉಳಿಯಬಲ್ಲದು. ಆದ್ದರಿಂದಲೇ ಭಾರತದಿಂದ ಯುರೋಪ್‌ಗೆ ಹೋಗುವ ದ್ರಾಕ್ಷಿ ಮುಖ್ಯವಾಗಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಶೀತಲ ಕಂಟೇನರ್‌ಗಳಲ್ಲಿ ಹಡಗು ಏರುತ್ತದೆ. ಕೆಲವೇ ದಿನ ಬಾಳುವ ಸೊಪ್ಪು, ಹೂವು, ಎಳೆ ತರಕಾರಿ ಹಾಗೂ ಋತುವಿನ ಆರಂಭದಲ್ಲಿ ಹೆಚ್ಚು ದರ ತರುವ ಹಣ್ಣಿಗೆ ಮಾತ್ರ ವಿಮಾನದ ಬಾಡಿಗೆ ಹೊಂದುತ್ತದೆ.

ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿಯೂ ಸರಕು ಸಾಗುತ್ತದೆ ಎಂಬುದು ಹಲವರಿಗೆ ತಿಳಿಯದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತಾಗ ಈ ಜಾಗವೂ ಇಲ್ಲವಾಯಿತು.

ಕಾಗದ ತಪ್ಪಿದರೆ

ರಫ್ತುದಾರನಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಕೃಷಿ ಉತ್ಪನ್ನಗಳಿಗೆ ಅಪೆಡಾ ನೋಂದಣಿ ಅಗತ್ಯ. ಕೀಟ, ರೋಗಗಳಿಲ್ಲವೆಂದು ಸಸ್ಯ ಕ್ವಾರಂಟೈನ್ ಅಧಿಕಾರಿಗಳು ನೀಡುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಜೊತೆಯಲ್ಲಿರಬೇಕು. ಯುರೋಪ್‌ಗೆ ಹೋಗುವ ದ್ರಾಕ್ಷಿಯ ತೋಟವನ್ನು ಅಪೆಡಾ 2006ರಲ್ಲಿ ಆರಂಭಿಸಿದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ನೋಂದಾಯಿಸಿ, ಹಣ್ಣಿನಲ್ಲಿರುವ ಕೀಟನಾಶಕ ಶೇಷಾಂಶವನ್ನು ಪರೀಕ್ಷಿಸಬೇಕು.

ಈ ಕಟ್ಟುನಿಟ್ಟಿಗೆ ಕಾರಣಗಳಿವೆ. 2010ರಲ್ಲಿ ಹಡಗಿನಲ್ಲಿ ಯುರೋಪ್ ತಲುಪಿದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಪತ್ತೆಯಾಗಿ, ರಫ್ತುದಾರರು ಮತ್ತು ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು. 2014ರ ಮೇ ತಿಂಗಳಿಂದ ಯುರೋಪ್ ಒಕ್ಕೂಟ ಹಣ್ಣುನೊಣದ ಕಾರಣಕ್ಕೆ ಭಾರತದ ಮಾವು ಹಾಗೂ ನಾಲ್ಕು ತರಕಾರಿಗಳನ್ನು ನಿಷೇಧಿಸಿತ್ತು. ಮಾವಿನ ನಿಷೇಧ 2015ರಲ್ಲಿ ತೆರವಾಯಿತು. 2025ರ ಮೇ ತಿಂಗಳಲ್ಲಿ ಮುಂಬೈನಿಂದ ವಿಮಾನದಲ್ಲಿ ಅಮೆರಿಕಕ್ಕೆ ಹೋದ ಮಾವಿನ 15 ಸರಕುಗಳು ವಿಕಿರಣ ಸಂಸ್ಕರಣೆಯ ದಾಖಲೆಯಲ್ಲಿನ ದೋಷದಿಂದ ತಿರಸ್ಕೃತಗೊಂಡು ಅಲ್ಲಿಯೇ ನಾಶವಾದವು. ಅವುಗಳನ್ನು ತಡೆದದ್ದು ಕಾಗದ.

ನಷ್ಟ ಯಾರದು?

ವಿಮಾನ ಸಾಗಣೆಯ ಹೊಣೆಯನ್ನು 1999ರ ಮಾಂಟ್ರಿಯಲ್ ಒಪ್ಪಂದ ನಿರ್ಧರಿಸುತ್ತದೆ. ಭಾರತದಲ್ಲಿ ಅದು ಜಾರಿಗೆ ಬಂದದ್ದು 2009ರಲ್ಲಿ. ಸರಕು ತನ್ನ ಸಹಜ ಗುಣದಿಂದಲೇ ಕೆಟ್ಟಿತೆಂದು ಅಥವಾ ಪ್ಯಾಕಿಂಗ್ ದೋಷದಿಂದ ಹಾಳಾಯಿತೆಂದು ವಿಮಾನ ಸಂಸ್ಥೆ ಸಾಬೀತುಪಡಿಸಿದರೆ ಪರಿಹಾರ ಸಿಗದು. ಸಿಕ್ಕರೂ ಅದಕ್ಕೆ ತೂಕದ ಲೆಕ್ಕದ ಮಿತಿಯಿದೆ. ಹಾನಿಯ ದೂರನ್ನು ಸರಕು ಪಡೆದ 14 ದಿನಗಳೊಳಗೆ ಲಿಖಿತವಾಗಿ ನೀಡಬೇಕು. ಪೆಟ್ಟಿಗೆಯೊಳಗೆ ತಾಪಮಾನ ದಾಖಲಿಸುವ ಪುಟ್ಟ ಉಪಕರಣವಿದ್ದರೆ ಸರಪಳಿ ಎಲ್ಲಿ ಮುರಿಯಿತೆಂಬುದಕ್ಕೆ ಸಾಕ್ಷಿ ದೊರೆಯುತ್ತದೆ. ಅದಿಲ್ಲದಿದ್ದರೆ ನಷ್ಟ ಕೊನೆಗೆ ರಫ್ತುದಾರನ ತಲೆಗೆ ಬೀಳುತ್ತದೆ. ಮಾರಾಟದ ನಂತರ ಹಣ ಎಂಬ ಒಪ್ಪಂದವಿದ್ದರೆ ಬೆಳೆಗಾರನ ತಲೆಗೂ ಬೀಳುತ್ತದೆ. ಆದ್ದರಿಂದ ಹಣ್ಣು ತೋಟ ಬಿಡುವ ಮುನ್ನವೇ ದರ, ಹಣ ಪಾವತಿ ಮತ್ತು ತಿರಸ್ಕಾರದ ಹೊಣೆಯನ್ನು ಲಿಖಿತ ಕರಾರಿನಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಕ್ಷೇಮ.

ಕೇಂದ್ರ ಸರ್ಕಾರ 2020ರಲ್ಲಿ ಕೃಷಿ ಉಡಾನ್ ಯೋಜನೆ ಆರಂಭಿಸಿ 2021ರಲ್ಲಿ ಅದನ್ನು ವಿಸ್ತರಿಸಿತು. ಆಯ್ದ ನಿಲ್ದಾಣಗಳಲ್ಲಿ ಸರಕು ವಿಮಾನಗಳಿಗೆ ಇಳಿಯುವ ಮತ್ತು ನಿಲುಗಡೆಯ ಶುಲ್ಕದಲ್ಲಿ ವಿನಾಯಿತಿ ನೀಡುವುದು ಅದರ ಒಂದು ಭಾಗ. ಶುಲ್ಕ ವಿನಾಯಿತಿಯಿಂದ ಹಾರಾಟ ಅಗ್ಗವಾಗಬಹುದು, ಆದರೆ ತೋಟದ ಬದಿಗೆ ತಂಪುಕೋಣೆ ಬರುವುದಿಲ್ಲ. ತೆಲಸಂಗದ ದ್ರಾಕ್ಷಿಯಾಗಲಿ, ಕೃಷ್ಣಾ ತೀರದ ತರಕಾರಿಯಾಗಲಿ ವಿದೇಶದ ವಿಮಾನ ಏರಬೇಕಾದರೆ ಮೊದಲು ಬೇಕಾದದ್ದು ಕೊಯ್ಲಿನ ಕೆಲವೇ ಗಂಟೆಗಳ ಅಂತರದಲ್ಲಿ ಸಿಗುವ ಪ್ಯಾಕ್‌ಹೌಸ್, ಪೂರ್ವಶೀತಲೀಕರಣ ಘಟಕ ಮತ್ತು ಶೀತಲ ಲಾರಿ. ರನ್‌ವೇಯ ಮಾತು ಅದರ ನಂತರದ್ದು.